ಮುಸುರೆ ಸಿದ್ಧಾಂತ

ನಮ್ಮ ನಾಡಿನಲ್ಲಿ ಹಂದಿ ಸಾಕುವವರಲ್ಲಿಯೂ, ಸಾಕದೆ ಉಪದೇಶವನ್ನು ಮಾತ್ರ ಮಾಡುವವರಲ್ಲಿಯೂ, ಅವರಿಬ್ಬರ ನಡುವೆ ನಿಂತು ವ್ಯಾಪಾರ ಕುದುರಿಸುವ ದಲ್ಲಾಳಿಗಳಲ್ಲಿಯೂ ಏಕಪ್ರಕಾರವಾಗಿ ನೆಲೆನಿಂತಿರುವ ಒಂದು ಮತವುಂಟು. ಅದನ್ನು ಯಾರೂ ಗ್ರಂಥವಾಗಿ ಬರೆದಿಟ್ಟಿಲ್ಲ. ಆದರೆ ಗ್ರಂಥಸ್ಥವಾದ ಶಾಸ್ತ್ರಕ್ಕೆ ದೊರೆಯದಷ್ಟು ನಿಷ್ಠೆ ಅದಕ್ಕೆ ದೊರೆತಿದೆ. ಹಂದಿಗೆ ಏನು ಹಾಕಿದರೂ ಆದೀತು. ಮರಿಗಳ ಚಿಂತೆ ತಾಯಿಯದು, ನಮ್ಮದಲ್ಲ. ಹಾಲು ಬಿಟ್ಟ ಮೇಲೆ ಮುಸುರೆ ಸುರಿದರೆ ಮೈ ತಾನಾಗಿ ತುಂಬಿಕೊಳ್ಳುತ್ತದೆ. ಕೈಯಿಂದ ಖರ್ಚು ಮಾಡುವುದಿದ್ದರೆ ಮಾರುವುದಕ್ಕೆ ಮುಂಚಿನ ಎರಡು ಮೂರು ತಿಂಗಳು ಮಾಡತಕ್ಕದ್ದು. ಇದು ಆ ಮತದ ಸಾರ. ಇದಕ್ಕೆ ನಾನು ಮುಸುರೆ ಸಿದ್ಧಾಂತವೆಂದು ಹೆಸರಿಟ್ಟಿದ್ದೇನೆ. ಈ ಸಿದ್ಧಾಂತ ನಿಂತಿರುವ ತಳಹದಿಯೇ ತಪ್ಪೆಂದೂ, ಹಂದಿ ಸಾಕಣೆಯಲ್ಲಿ ಲಾಭವಾಗಲಿ ನಷ್ಟವಾಗಲಿ ಬಹುಮಟ್ಟಿಗೆ ನಿಶ್ಚಯವಾಗುವುದು ಮರಿಯ ಮೊದಲ ಎಂಟು ವಾರಗಳಲ್ಲಿ ಅದರ ಹೊಟ್ಟೆಗೆ ಏನು ಬಿತ್ತು, ಯಾವಾಗ ಬಿತ್ತು, ಹೇಗೆ ಬಿತ್ತು ಎಂಬುದರ ಮೇಲೆಯೇ ಎಂದೂ ನನ್ನ ವಾದ.

ಸಿದ್ಧಾಂತವು ಬರಿಯ ಮೌಢ್ಯದಿಂದ ಹುಟ್ಟಿತೆಂದರೆ ಅನ್ಯಾಯವಾದೀತು. ಬೆಂಗಳೂರಿನಂಥ ಪಟ್ಟಣದ ಅಂಚಿನಲ್ಲಿ ಹಂದಿ ಸಾಕುವವನು ನಸುಕಿನಲ್ಲೆದ್ದು, ಖಾಲಿ ಡ್ರಮ್ಮುಗಳನ್ನು ಗಾಡಿಗೇರಿಸಿಕೊಂಡು ಹೋಟೆಲು, ಹಾಸ್ಟೆಲು, ಕಲ್ಯಾಣಮಂಟಪಗಳ ಹಿಂಬಾಗಿಲಿಗೆ ಹೋಗಿ, ಅನ್ನ, ಸಾರು, ಪಲ್ಯ, ಉಪ್ಪಿನಕಾಯಿ ಎಲ್ಲವೂ ಒಂದೇ ರುಚಿಗೆ ಇಳಿದ ಮುಸುರೆಯನ್ನು ತುಂಬಿಕೊಂಡು ಬರುತ್ತಾನೆ. ಮೆಕ್ಕೆಜೋಳದ ಬೆಲೆ ಏರಿದ ವರ್ಷ ಅವನ ಸಂಸಾರವನ್ನು ಕಾಪಾಡುವುದು ಆ ಡ್ರಮ್ಮುಗಳೇ. ಬೆಳೆದ ಹಂದಿ ಸರ್ವಭಕ್ಷಕವೆಂಬುದೂ ಸುಳ್ಳಲ್ಲ. ಮನುಷ್ಯನು ಬಿಸುಟದ್ದನ್ನು ಮಾಂಸವಾಗಿ ಮಾರ್ಪಡಿಸುವ ಶಕ್ತಿ ಅದರ ಜಠರಕ್ಕೂ ಕರುಳಿಗೂ ಇದ್ದೇ ಇದೆ. ಬೆಳೆದ ಪ್ರಾಣಿಯ ಈ ಸಾಮರ್ಥ್ಯವನ್ನು ಎಳೆಗೂಸಿನ ಮೇಲೆ ಆರೋಪಿಸಿದಲ್ಲಿ ಮಾತ್ರ ಸಿದ್ಧಾಂತ ದಾರಿ ತಪ್ಪುತ್ತದೆ. ಏನನ್ನಾದರೂ ತಿಂದು ಅರಗಿಸಿಕೊಳ್ಳುವ ಹಂದಿಯು ಹುಟ್ಟಿದ ದಿನ ಏನನ್ನೂ ಅರಗಿಸಿಕೊಳ್ಳಲಾರದು, ತಾಯಿಯ ಹಾಲೊಂದನ್ನು ಬಿಟ್ಟು. ಆ ಹಾಲಾದರೂ ಸಾಕಷ್ಟು ದೊರೆಯುವುದೆಂಬ ನಿಶ್ಚಯವಿಲ್ಲ.

ಮರಿ ಹುಟ್ಟುವಾಗ ಅದರ ತೂಕ ಒಂದು ಕಿಲೋಗಿಂತ ತುಸು ಹೆಚ್ಚು, ಒಂದೂವರೆ ಕಿಲೋ ಇದ್ದರೆ ಗಟ್ಟಿ ಮರಿ. ತಾಯಿಯ ತೂಕದ ನೂರರಲ್ಲೊಂದು ಪಾಲಿಗೂ ಅದು ಸಮನಾಗದು. ಮೈಯಲ್ಲಿ ಕೊಬ್ಬೆಂಬುದು ನೂರಕ್ಕೆ ಒಂದೆರಡು ಭಾಗ ಮಾತ್ರ, ಮೈಗೆ ಕೂದಲಿನ ಹೊದಿಕೆಯೂ ತೆಳು. ಸುತ್ತಲಿನ ಉಷ್ಣತೆ ಸುಮಾರು 34 ಡಿಗ್ರಿಗಿಂತ ಕೆಳಗಿಳಿದರೆ ಸಾಕು, ಅದು ತನ್ನ ಮೈಯ ಬಿಸಿಯನ್ನು ಉಳಿಸಿಕೊಳ್ಳುವುದಕ್ಕಾಗಿಯೇ ಇದ್ದಬದ್ದ ಸಂಗ್ರಹವನ್ನು ಸುಡಲಾರಂಭಿಸುತ್ತದೆ. ಆ ಸಂಗ್ರಹ ಒಂದು ದಿನಕ್ಕೂ ಸಾಲದು. ಕೊಡಗಿನ ಆಷಾಢದ ಮಳೆಯಲ್ಲಿ, ಬೆಂಗಳೂರಿನ ಧನುರ್ಮಾಸದ ರಾತ್ರಿಯಲ್ಲಿ, ಒದ್ದೆ ಸಿಮೆಂಟಿನ ಮೇಲೆ ಬಿದ್ದ ಮರಿಗೆ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಇನ್ನೊಂದು ಕೊರತೆ ಕಣ್ಣಿಗೆ ಕಾಣದ್ದು. ಮನುಷ್ಯ ಶಿಶುವಿಗೆ ಗರ್ಭದಲ್ಲಿದ್ದಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ದ್ರವ್ಯಗಳು ಹರಿದುಬರುತ್ತವೆ. ಹಂದಿಯ ಗರ್ಭವೇಷ್ಟನದ ರಚನೆ ಅದಕ್ಕೆ ಎಡೆಗೊಡದು. ಆದಕಾರಣ ಮರಿಯು ರೋಗಾಣುಗಳ ಮಧ್ಯಕ್ಕೆ ನಿರಾಯುಧವಾಗಿ ಬರುತ್ತದೆ. ಅದರ ಆಯುಧವೆಲ್ಲ ಇರುವುದು ಗಿಣ್ಣಿನಲ್ಲಿ. ಆ ಗಿಣ್ಣಿನ ರಕ್ಷಕಾಂಶಗಳನ್ನು ಇಡಿಯಾಗಿ ಹೀರಿ ರಕ್ತಕ್ಕೆ ಸೇರಿಸುವ ಬಾಗಿಲು ಮರಿಯ ಕರುಳಿನಲ್ಲಿ ತೆರೆದಿರುವುದು ಒಂದು ಹಗಲು ಒಂದು ರಾತ್ರಿಯಷ್ಟು ಹೊತ್ತು, ಅನಂತರ ಮುಚ್ಚಿಹೋಗುತ್ತದೆ. ಗಿಣ್ಣಾದರೂ ಕಾಯುತ್ತದೆಯೇ? ತಾಯಿ ಈದು ಹನ್ನೆರಡು ಗಂಟೆ ಕಳೆಯುವಷ್ಟರಲ್ಲಿ ಅದರ ಸತ್ತ್ವ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಕರುಳಿನ ಬಾಗಿಲು ಮುಚ್ಚುವುದರೊಳಗೆ ಮರಿಯೊಂದಕ್ಕೆ 200ರಿಂದ 250 ಗ್ರಾಂ ಗಿಣ್ಣು ದೊರೆಯಬೇಕು. ದೊರೆತರೆ ಅದು ಬದುಕಿತು. ದೊರೆಯದಿದ್ದರೆ ಆಮೇಲೆ ಎಷ್ಟು ಚೀಲ ಹಿಂಡಿ ಸುರಿದರೂ ಆ ಸಾಲ ತೀರದು.

ಹಾಲು ಬಿಡಿಸುವುದಕ್ಕೆ ಮೊದಲೇ ಸಾಯುವ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಾಯುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ. ಕೇಳಿದರೆ ಒಡೆಯನು ಹೇಳುವ ಕಾರಣ ಒಂದೇ: ತಾಯಿ ಮೇಲೆ ಮಲಗಿಬಿಟ್ಟಿತು ಸ್ವಾಮಿ, ಏನು ಮಾಡುವುದು? ಮಲಗಿದ್ದು ನಿಜ. ಆದರೆ ಹನ್ನೊಂದು ಮರಿಗಳಲ್ಲಿ ಆ ಒಂದರ ಮೇಲೆಯೇ ಏಕೆ ಮಲಗಿತು? ಹೊಟ್ಟೆ ತುಂಬಿದ ಮರಿ ತಾಯಿ ಮಗ್ಗುಲಾಗುವಾಗ ಜಿಗಿದು ದೂರ ಸರಿಯುತ್ತದೆ. ಹಸಿದು ತಣ್ಣಗಾದ ಮರಿ ಬಿಸಿಯನ್ನೂ ಹಾಲನ್ನೂ ಅರಸುತ್ತ ಕೆಚ್ಚಲಿಗೇ ಅಂಟಿಕೊಂಡಿರುತ್ತದೆ, ಏಳುವ ಶಕ್ತಿಯೂ ಅದಕ್ಕಿರದು. ತಾಯಿಯ ಮೇಲೆ ಹೊರಿಸಿದ ಅಪವಾದದಲ್ಲಿ ದೊಡ್ಡ ಪಾಲು ಹಸಿವಿಗೆ ಸೇರತಕ್ಕದ್ದು.

ಹಾಲುಣಿಸುವ ರೀತಿಯನ್ನು ಹತ್ತಿರ ಕುಳಿತು ನೋಡಿದವರಿಗೆ ತಾಯಿ ನೋಡಿಕೊಳ್ಳುತ್ತದೆ ಎಂಬ ಮಾತಿನ ಪೊಳ್ಳುತನ ಬೇರೆ ಸಾಕ್ಷ್ಯವಿಲ್ಲದೆ ತಿಳಿಯುತ್ತದೆ. ತಾಯಿ ಒಂದು ಮಗ್ಗುಲಿಗೆ ಒರಗಿ, ನಿಧಾನವಾದ ಒಂದೇ ಲಯದಲ್ಲಿ ಗುಟುರುತ್ತದೆ. ಮರಿಗಳು ಓಡಿಬಂದು ತಮ್ಮ ತಮ್ಮ ತೊಟ್ಟಿನ ಮುಂದೆ ಸಾಲಾಗಿ ನಿಂತು, ಮೂತಿಯಿಂದ ಕೆಚ್ಚಲನ್ನು ಗುದ್ದಿ ಗುದ್ದಿ ಉಜ್ಜುತ್ತವೆ. ನಿಮಿಷವೊಂದು ಕಳೆಯುವಾಗ ಗುಟುರು ಇದ್ದಕ್ಕಿದ್ದಂತೆ ಬಿರುಸಾಗುತ್ತದೆ. ಮರಿಗಳೆಲ್ಲ ಒಮ್ಮೆಗೇ ಸ್ತಬ್ಧವಾಗಿ, ಕಿವಿ ಹಿಂದಕ್ಕೆ ಮಡಿಸಿ, ಗಟಗಟನೆ ಕುಡಿಯುತ್ತವೆ. ಹಾಲು ಇಳಿಯುವುದು ಇಪ್ಪತ್ತು ಸೆಕೆಂಡು, ಅಷ್ಟೆ. ಆಮೇಲೆ ಮುಂದಿನ ಸರದಿಗೆ ಸುಮಾರು ಒಂದು ಗಂಟೆ ಕಾಯಬೇಕು. ಆ ಇಪ್ಪತ್ತು ಸೆಕೆಂಡಿನಲ್ಲಿ ತೊಟ್ಟು ಸಿಕ್ಕದೆ ಅಣ್ಣತಮ್ಮಂದಿರ ಬೆನ್ನಿನ ಮೇಲೆ ಹತ್ತಿ ಇಳಿದು ಚೀರಾಡಿದ ಕಿರಿಮರಿಗೆ ಆ ಸರದಿ ತಪ್ಪಿದಂತೆಯೇ. ಮೊದಲ ಕೆಲವು ದಿನಗಳಲ್ಲಿ ಹೋರಾಡಿ ಯಾವ ಮರಿ ಯಾವ ತೊಟ್ಟನ್ನು ಗೆದ್ದುಕೊಂಡಿತೋ ಹಾಲು ಬಿಡುವವರೆಗೂ ಅದು ಅದರದೇ ಸ್ವತ್ತು. ಹಾಲು ಹೆಚ್ಚಾಗಿರುವ ಎದೆಯ ಕಡೆಯ ತೊಟ್ಟುಗಳು ಬಲಿಷ್ಠರಿಗೆ, ಹಿಂಗಾಲಿನ ಕಡೆಯ ಬಡ ತೊಟ್ಟುಗಳು ದುರ್ಬಲರಿಗೆ. ಹುಟ್ಟಿದಾಗ ಮೂರು ಬೆರಳಿನಷ್ಟಿದ್ದ ಅಂತರವು ಎಂಟು ವಾರಕ್ಕೆ ಒಂದು ಮೊಳವಾಗುವುದು ಹೀಗೆ. ಇದಕ್ಕೆ ಪ್ರತೀಕಾರವು ಖರ್ಚಿನದ್ದೂ ಅಲ್ಲ. ಹುಟ್ಟಿದ ದಿನ, ಹೊಟ್ಟೆ ತುಂಬಿದ ದಪ್ಪ ಮರಿಗಳನ್ನು ಒಂದು ಗಂಟೆಯ ಹೊತ್ತು ಬೆಚ್ಚನೆಯ ಬುಟ್ಟಿಯಲ್ಲಿ ಎತ್ತಿಟ್ಟು, ಸಣ್ಣವನ್ನು ಮಾತ್ರ ತೊಟ್ಟಿಗೆ ಬಿಟ್ಟರೆ ಆಯಿತು. ಬುಟ್ಟಿ ಪ್ರತಿ ಮನೆಯಲ್ಲಿಯೂ ಇದೆ. ಆ ಗಂಟೆಯ ಹೊತ್ತು ಅಲ್ಲಿ ಕುಳಿತಿರುವ ಮನುಷ್ಯ ಇಲ್ಲ, ಏಕೆಂದರೆ ಅವನು ಮುಸುರೆ ತರಲು ಹೋಗಿದ್ದಾನೆ.

ಇಲ್ಲಿಗೆ ಪ್ರತಿವಾದಿಗಳು ತಮ್ಮ ಬಹುಪ್ರಬಲವಾದ ಪ್ರಶ್ನೆಯನ್ನು ಎತ್ತುತ್ತಾರೆ. ಕಾಡುಹಂದಿಯ ಮರಿಗೆ ಯಾರು ಬುಟ್ಟಿ ಹಿಡಿದರು? ಯಾರು ಹಿಟ್ಟು ಕಲಸಿದರು? ಪ್ರಕೃತಿ ತನ್ನ ಮಕ್ಕಳನ್ನು ತಾನೇ ಸಾಕುವುದಿಲ್ಲವೆ? ಪ್ರಶ್ನೆ ಗಂಭೀರವಾದದ್ದು, ಕೇಳುವವರಿಗೆ ಅದರ ಉತ್ತರ ಬೇಕಾಗಿಲ್ಲದಿದ್ದರೂ. ಕಾಡುಹಂದಿ ಹಾಕುವುದು ಸಾಧಾರಣವಾಗಿ ನಾಲ್ಕರಿಂದ ಆರು ಮರಿ. ನಮ್ಮ ದೊಡ್ಡಿಯ ಯಾರ್ಕ್‌ಷೈರ್ ಮಿಶ್ರತಳಿ ಹತ್ತು ಹನ್ನೆರಡು ಹಾಕದಿದ್ದರೆ ನಾವೇ ಅದನ್ನು ಕಟುಕನಿಗೆ ಮಾರುತ್ತೇವೆ. ಕಾಡಿನ ತಾಯಿ ಹುಲ್ಲು ಸೊಪ್ಪುಗಳನ್ನು ಕೂಡಿಸಿ ಗೂಡು ಮಾಡಿ ಅದರಲ್ಲಿ ಈಯುತ್ತದೆ. ನಾವು ಅದಕ್ಕೆ ತೊಳೆದ ಸಿಮೆಂಟು ಕೊಟ್ಟಿದ್ದೇವೆ. ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿ 1970ರ ದಶಕದ ಕೊನೆಯಲ್ಲಿ ಸ್ಟೋಲ್ಬಾ, ವುಡ್-ಗಶ್ ಎಂಬ ಇಬ್ಬರು ವಿಜ್ಞಾನಿಗಳು ದೊಡ್ಡಿಯ ಹಂದಿಗಳನ್ನೇ ಮರಗಿಡ, ತೊರೆ, ಪೊದೆಗಳುಳ್ಳ ಆವರಣದಲ್ಲಿ ಸ್ವೇಚ್ಛೆಯಾಗಿ ಬಿಟ್ಟು ನೋಡಿದರು. ತಲೆಮಾರುಗಳಿಂದ ಕೊಟ್ಟಿಗೆಯಲ್ಲಿ ಬೆಳೆದಿದ್ದ ಆ ಪ್ರಾಣಿಗಳು ಕಾಡಿನ ನಡವಳಿಕೆಯನ್ನು ಮರೆತೇ ಇರಲಿಲ್ಲ. ಅಂಥ ಸ್ವಚ್ಛಂದದಲ್ಲಿ ಮರಿಗಳು ಎಳೆಯ ವಯಸ್ಸಿನಲ್ಲಿಯೇ ತಾಯಿಯ ಹಿಂದೆ ನಡೆದು ಮಣ್ಣು ಕೆದರಿ ಬೇರು, ಹುಲ್ಲು, ಹುಳುಗಳ ರುಚಿ ನೋಡುತ್ತವೆ. ಹಾಲು ಬಿಡುವುದು ಒಂದು ದಿನದ ಘಟನೆಯಾಗಿರದೆ ತಿಂಗಳುಗಟ್ಟಲೆ ನಡೆಯುವ ಸಾವಕಾಶದ ವ್ಯವಹಾರವಾಗಿ, ಮೂರು ತಿಂಗಳ ಆಸುಪಾಸಿಗೆ ಮುಗಿಯುತ್ತದೆ. ಮರಿಗಳ ಸಂಖ್ಯೆಯನ್ನು ಇಮ್ಮಡಿಸಿ, ಗೂಡನ್ನು ಕಸಿದು, ಮಣ್ಣನ್ನು ಮುಚ್ಚಿ, ಮೂರು ತಿಂಗಳ ಹಾಲನ್ನು ಒಂದು ತಿಂಗಳಿಗೋ ಎರಡಕ್ಕೋ ಮೊಟಕುಮಾಡಿ, ಅನಂತರ ಪ್ರಕೃತಿಯೇ ನೋಡಿಕೊಳ್ಳಲಿ ಎಂದು ಕೈಕಟ್ಟಿ ನಿಲ್ಲುವುದು ಪ್ರಕೃತಿಭಕ್ತಿಯಲ್ಲ, ಜಾರಿಕೊಳ್ಳುವ ಉಪಾಯ.

ಮಣ್ಣಿನ ಮಾತು ಬಂದದ್ದರಿಂದ ಕಬ್ಬಿಣದ ಸಂಗತಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮರಿ ಹುಟ್ಟುವಾಗ ಅದರ ದೇಹದಲ್ಲಿರುವ ಕಬ್ಬಿಣ ಸುಮಾರು 50 ಮಿಲಿಗ್ರಾಂ. ದಿನವೊಂದಕ್ಕೆ ಬೇಕಾದದ್ದು ಏಳು. ತಾಯಿಯ ಹಾಲಿನಿಂದ ದೊರೆಯುವುದು ಒಂದು. ಎರಡನೆಯ ವಾರದಲ್ಲಿ ಕೈ ಬರಿದಾಗುತ್ತದೆಂಬುದನ್ನು ತಿಳಿಯಲು ಗಣಿತಜ್ಞನಾಗಬೇಕಿಲ್ಲ. ಆಗ ಮರಿಯ ಕಿವಿ ಬಿಳಿಚಿಕೊಳ್ಳುತ್ತದೆ, ಚರ್ಮ ಸುಕ್ಕಾಗುತ್ತದೆ, ನಾಲ್ಕು ಹೆಜ್ಜೆ ಓಡಿದರೆ ಏದುಸಿರು. ಹಾಲು ಕುಡಿದು ದುಂಡಗಿದ್ದ ಮರಿಯೂ ಒಂದು ಮುಂಜಾನೆ ಸತ್ತು ಬಿದ್ದಿರುತ್ತದೆ. ತಾಯಿಗೆ ಕಬ್ಬಿಣ ತಿನ್ನಿಸಿದರೆ ಹಾಲಿಗೆ ಇಳಿದೀತೆಂದು ನಂಬುವವರುಂಟು, ಇಳಿಯುವುದಿಲ್ಲ. 1920ರ ದಶಕದಲ್ಲಿಯೇ ಸ್ಕಾಟ್ಲೆಂಡಿನ ಸಂಶೋಧಕರು ಈ ರಕ್ತಹೀನತೆಗೆ ಕಬ್ಬಿಣದ ಅಭಾವವೇ ಕಾರಣವೆಂದು ತೋರಿಸಿಕೊಟ್ಟರು. ಮೂರನೆಯ ದಿನ ಕೊಡುವ 200 ಮಿಲಿಗ್ರಾಂ ಕಬ್ಬಿಣದ ಒಂದು ಚುಚ್ಚುಮದ್ದು ಇದನ್ನು ಪರಿಹರಿಸುತ್ತದೆ. ರೋಗದ ಕಾರಣ ತಿಳಿದು ಸುಮಾರು ನೂರು ವರ್ಷವಾಯಿತು. ಆದರೂ ಎಷ್ಟೋ ದೊಡ್ಡಿಗಳಲ್ಲಿ ಇಂಥ ಮರಿಗಳನ್ನು ಕಂಡು, ದೃಷ್ಟಿಯಾಗಿದೆ ಎಂದು ನಿವಾಳಿಸುತ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ತಾಯಿಯ ಹಾಲು ಮೂರನೆಯ ವಾರದ ಸುಮಾರಿಗೆ ತನ್ನ ಶಿಖರವನ್ನು ಮುಟ್ಟಿ ಅಲ್ಲಿಂದ ಇಳಿಮುಖವಾಗುತ್ತದೆ; ಮರಿಯ ಬೇಡಿಕೆಯಾದರೋ ದಿನದಿನಕ್ಕೆ ಏರುತ್ತ ಹೋಗುತ್ತದೆ. ಏರುವ ರೇಖೆಗೂ ಇಳಿಯುವ ರೇಖೆಗೂ ನಡುವೆ ಬಾಯ್ದೆರೆಯುವ ಕಂದರವನ್ನು ತುಂಬಲು ಏನಾದರೂ ಬೇಕಷ್ಟೆ? ಅದಕ್ಕಾಗಿಯೇ ಇರುವುದು ಕ್ರೀಪ್ ಫೀಡ್ ಎಂದು ಎಲ್ಲರೂ ಕರೆಯುವ ಎಳೆಮರಿಗಳ ಆಹಾರ. ತಾಯಿ ನುಗ್ಗಲಾರದಂತೆ ಅಡ್ಡಪಟ್ಟಿ ಕಟ್ಟಿದ ಒಂದು ಮೂಲೆ, ಮೇಲೊಂದು ಬಲ್ಬು, ಕೆಳಗೆ ಅಗಲವಾದ ತಟ್ಟೆ. ತಟ್ಟೆಯಲ್ಲಿ ನಯವಾಗಿ ಬೀಸಿದ ಮೆಕ್ಕೆಜೋಳ, ಹಿಂಡಿ, ಮೀನಿನ ಪುಡಿ, ಕೆನೆ ತೆಗೆದ ಹಾಲಿನ ಪುಡಿ, ಖನಿಜ ಮಿಶ್ರಣ, ರುಚಿಗೆ ಒಂದಿಷ್ಟು ಬೆಲ್ಲ. ನೂರಕ್ಕೆ ಇಪ್ಪತ್ತಕ್ಕೆ ಕಡಿಮೆಯಾಗದಷ್ಟು ಪ್ರೋಟೀನು ಇರಬೇಕು. ಕಡಲೆಕಾಯಿ ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಅದನ್ನು ತಿಪ್ಪೆಗೆ ಹಾಕುವುದೇ ಲೇಸು, ಆ ಬೂಷ್ಟಿನ ವಿಷ ಎಳೆಯ ಯಕೃತ್ತಿಗೆ ನೇರವಾಗಿ ನಾಟುತ್ತದೆ. ಎರಡನೆಯ ವಾರದಿಂದ ಇದನ್ನು ಒಡ್ಡತಕ್ಕದ್ದು. ಜೊತೆಗೆ ನೀರು. ಹಾಲು ಕುಡಿಯುವ ಮರಿಗೆ ನೀರೇಕೆ ಎನ್ನುವವರು ಮುಸುರೆ ಸಿದ್ಧಾಂತದ ಇನ್ನೊಂದು ಶಾಖೆಯವರು. ನೀರಿಲ್ಲದ ಕಡೆ ಒಣ ಹಿಟ್ಟನ್ನು ಯಾವ ಮರಿಯೂ ಮೂಸುವುದಿಲ್ಲ.

ತಟ್ಟೆಯಲ್ಲಿ ಮರಿ ಮೂತಿಯಿಟ್ಟು ನೆಕ್ಕುವ ಆ ನಾಲ್ಕು ಕಾಳಿನಿಂದ ಆಗುವುದೇನು ಎಂದು ಕೇಳಬಹುದು. ಆಗುವುದು ಹೊಟ್ಟೆ ತುಂಬುವುದಕ್ಕಿಂತ ಹೆಚ್ಚಿನದು. ಹುಟ್ಟಿದ ಮರಿಯ ಕರುಳಿನಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಕಿಣ್ವ ಸಮೃದ್ಧವಾಗಿರುತ್ತದೆ, ಧಾನ್ಯದ ಪಿಷ್ಟವನ್ನು ಒಡೆಯುವ ಕಿಣ್ವವು ಅತ್ಯಲ್ಪ. ವಾರಗಳು ಕಳೆದಂತೆ ಮೊದಲಿನದು ತಗ್ಗಿ ಎರಡನೆಯದು ಹೆಚ್ಚುತ್ತದೆ. ಜಠರದ ಆಮ್ಲವೂ ಇನ್ನೂ ಸಾಲದು. ಈ ಪರಿವರ್ತನೆ ಅರ್ಧ ನಡೆದಿರುವಾಗ ಒಂದು ದಿನ ತಾಯಿಯನ್ನು ಎಳೆದೊಯ್ದು, ಮರಿಗಳನ್ನು ಬೇರೆ ದೊಡ್ಡಿಗೆ ಹಾಕಿ, ಪರಿಚಯವಿಲ್ಲದ ಮರಿಗಳೊಡನೆ ಬೆರೆಸಿ, ಪರಿಚಯವಿಲ್ಲದ ಆಹಾರವನ್ನು ಮುಂದಿಟ್ಟರೆ ಅವು ಮಾಡುವ ಮೊದಲ ಕೆಲಸ ಉಪವಾಸ. ಕೆಲವು ಮರಿಗಳು ಒಂದು ಹಗಲು, ಕೆಲವು ಎರಡು ಹಗಲು ತುತ್ತು ಮುಟ್ಟುವುದಿಲ್ಲ. ಆಹಾರ ಹಾಯದ ಸಣ್ಣ ಕರುಳಿನ ಒಳಗೋಡೆಯಲ್ಲಿ, ನೀಳವಾಗಿ ಎದ್ದು ನಿಂತು ಸಾರವನ್ನು ಹೀರುತ್ತಿದ್ದ ಸೂಕ್ಷ್ಮವಾದ ಚಾಚುಗಳು ಕೆಲವೇ ದಿನಗಳಲ್ಲಿ ಮೊಟಕಾಗುತ್ತವೆ. ಆಮೇಲೆ ಹಸಿವು ತಾಳಲಾರದೆ ಮರಿ ಒಮ್ಮೆಗೇ ಗಬಗಬನೆ ತಿನ್ನುತ್ತದೆ. ಅರಗದ ಆಹಾರ ಕೆಳಗರುಳಿಗೆ ಜಾರಿ ಅಲ್ಲಿ ಕಾದುಕೊಂಡಿರುವ ಕೆಟ್ಟ ಬ್ಯಾಕ್ಟೀರಿಯಗಳಿಗೆ ಔತಣವಾಗುತ್ತದೆ. ನೀರಿನಂಥ ಭೇದಿ, ಗುಳಿಬಿದ್ದ ಕಣ್ಣು, ಮೂಳೆ ಎದ್ದ ಬೆನ್ನು. ಇದನ್ನು ಹಾಲು ಬಿಟ್ಟ ಮರಿಗೆ ಸಹಜವೆಂದು ನಮ್ಮವರು ಒಪ್ಪಿಕೊಂಡುಬಿಟ್ಟಿದ್ದಾರೆ. ಸಹಜ ಸರ್ವಥಾ ಅಲ್ಲ. ಮೊದಲೇ ತಿನ್ನಲು ಕಲಿಯದ ಮರಿಗೆ ಒಂದೇ ದಿನ ಎಲ್ಲವನ್ನೂ ಕಲಿಸಹೊರಟುದರ ಫಲ.

ಇಲ್ಲಿ ಪ್ರತಿಪಕ್ಷದ ಒಂದು ಆಕ್ಷೇಪವನ್ನು ಮರೆಮಾಚದೆ ಎತ್ತಬೇಕು. ಕ್ರೀಪ್ ಫೀಡ್ ಇಟ್ಟರೂ ಮರಿಗಳು ತಿನ್ನುವುದಿಲ್ಲ, ಇಟ್ಟವನಿಗೂ ಇಡದವನಿಗೂ ಫಲದಲ್ಲಿ ಭೇದ ಕಾಣಲಿಲ್ಲ ಎಂದು ಹೇಳುವವರಿದ್ದಾರೆ, ಅವರು ಸುಳ್ಳಾಡುತ್ತಿಲ್ಲ. ನೆದರ್ಲೆಂಡಿನ ಸಂಶೋಧಕರು ಇದರ ಮರ್ಮವನ್ನು ಒಂದು ಸರಳ ಉಪಾಯದಿಂದ ಬಯಲಿಗೆಳೆದರು. ಆಹಾರದಲ್ಲಿ ಕರುಳು ಹೀರದ ಹಸಿರು ಬಣ್ಣದ ವಸ್ತುವೊಂದನ್ನು ಬೆರೆಸಿ, ಯಾವ ಮರಿಯ ಹಿಕ್ಕೆ ಹಸಿರಾಗಿದೆಯೆಂದು ಒಂದೊಂದನ್ನೇ ಹಿಡಿದು ನೋಡಿದರು. ಒಂದೇ ತಾಯಿಯ ಮರಿಗಳಲ್ಲಿ ಕೆಲವು ಚೆನ್ನಾಗಿ ತಿಂದಿದ್ದವು, ಕೆಲವು ಅಷ್ಟಿಷ್ಟು, ಕೆಲವು ತಟ್ಟೆಯ ಕಡೆ ಸುಳಿದೇ ಇರಲಿಲ್ಲ. ತಾಯಿಯನ್ನು ಅಗಲಿದ ದಿನ, ಮುಂಚೆ ತಿಂದು ಬಲ್ಲ ಮರಿಗಳು ಬೇಗನೆ ಗೋದಲಿಗೆ ಬಂದವು. ಉಳಿದವು ಬಹಳ ಹೊತ್ತು ಉಪವಾಸವಿದ್ದವು. ಸರಾಸರಿಯ ಲೆಕ್ಕದಲ್ಲಿ ಇಬ್ಬರನ್ನೂ ಕಲಸಿಬಿಟ್ಟರೆ ಭೇದ ಕಾಣುವುದಾದರೂ ಹೇಗೆ? ಆದ್ದರಿಂದ ಈ ಆಕ್ಷೇಪವು ಆಹಾರದ ಮೇಲಿನದಲ್ಲ, ಇಡುವ ರೀತಿಯ ಮೇಲಿನದು. ನಮ್ಮ ದೊಡ್ಡಿಗಳಲ್ಲಿ ಇಡುವ ರೀತಿ ಹೇಗಿದೆಯೆಂದರೆ, ಸೋಮವಾರ ತಟ್ಟೆ ತುಂಬ ಸುರಿದದ್ದು ಗುರುವಾರಕ್ಕೆ ಉಚ್ಚೆ ನೆನೆದು ಹುಳಿತು ಹೆಪ್ಪುಗಟ್ಟಿ ಕುಳಿತಿರುತ್ತದೆ, ಅದರ ಮೇಲೆ ನೊಣ. ಮೊದಮೊದಲು ಒಂದು ಹಿಡಿಯಷ್ಟನ್ನು, ದಿನಕ್ಕೆ ನಾಲ್ಕೈದು ಸಲ, ತಾಯಿ ಹಾಲುಣಿಸಿ ಮರಿಗಳು ಚುರುಕಾಗಿ ಓಡಾಡುತ್ತಿರುವ ಹೊತ್ತಿನಲ್ಲಿ ಹೊಸದಾಗಿ ಉದುರಿಸಿ, ಉಳಿದದ್ದನ್ನು ತೆಗೆದು ತಾಯಿಗೆ ಹಾಕಬೇಕು. ಬಸುರಿಯಾಗಿದ್ದಾಗಲೂ ಬಾಣಂತಿಯಾಗಿದ್ದಾಗಲೂ ತಾಯಿಗೆ ಸೋಂಪಿನ ಪರಿಮಳವುಳ್ಳ ಆಹಾರ ಕೊಟ್ಟು, ಹಾಲು ಬಿಟ್ಟ ಮರಿಗಳಿಗೂ ಅದೇ ಪರಿಮಳದ ಆಹಾರವನ್ನು ಒಡ್ಡಿದಾಗ ಅವು ಹೆಚ್ಚು ತಿಂದು ಹೆಚ್ಚು ಬೆಳೆದವೆಂದು ಅದೇ ದೇಶದ ವಾಗೆನಿಂಗೆನ್ನಿನಲ್ಲಿ ಕಂಡುಕೊಂಡಿದ್ದಾರೆ. ಗರ್ಭದಲ್ಲಿರುವಾಗಲೇ ರುಚಿಯ ನೆನಪು ಕಟ್ಟಿಕೊಂಡು ಬರುವ ಪ್ರಾಣಿಯನ್ನು ಏನು ಹಾಕಿದರೂ ತಿನ್ನುತ್ತದೆಂದು ಹೇಳುವುದು ಎಂಥ ಮಾತು!

ತಾಯಿಯ ಮೇವಿನ ಮಾತೂ ಇದಕ್ಕೆ ಸೇರಿದ್ದೇ. ಹತ್ತು ಮರಿಗಳಿಗೆ ಹಾಲೂಡುವ ದೊಡ್ಡ ತಳಿಯ ತಾಯಿಗೆ ತನ್ನ ಮೈ ಕಾಯ್ದುಕೊಳ್ಳಲು ಸುಮಾರು ಎರಡು ಕಿಲೋ, ಅದರ ಮೇಲೆ ಮರಿಯೊಂದಕ್ಕೆ ಅರ್ಧ ಕಿಲೋದಷ್ಟು ಸಾರವತ್ತಾದ ಆಹಾರ ಬೇಕು. ಮುಸುರೆಯಲ್ಲಿ ಮುಕ್ಕಾಲು ಪಾಲು ನೀರು. ಕೊಡ ತುಂಬ ಕುಡಿದರೂ ಅದರ ಹೊಟ್ಟೆ ಉಬ್ಬೀತೇ ಹೊರತು ಕೆಚ್ಚಲು ತುಂಬದು. ಹಾಲಿಗಾಗಿ ಅದು ತನ್ನ ಬೆನ್ನಿನ ಮಾಂಸವನ್ನೇ ಕರಗಿಸುತ್ತದೆ, ಮುಂದಿನ ಸಲ ಬೆದೆಗೆ ಬರಲು ತಡಮಾಡುತ್ತದೆ. ಒಡೆಯ ಅದನ್ನು ಬರಡೆಂದು ಜರೆಯುತ್ತಾನೆ.

ಹಣದ ಪ್ರಶ್ನೆ ಉಳಿಯಿತು. ಬಡವನು ಹಾಲಿನ ಪುಡಿ, ಮೀನಿನ ಪುಡಿ ಎಲ್ಲಿಂದ ತರಬೇಕು ಎಂದು ಕೇಳುವವರ ದನಿಯಲ್ಲಿ ಕರುಣೆ ಇದೆ, ಲೆಕ್ಕ ಇಲ್ಲ. ಎಂಟು ವಾರ ತುಂಬುವವರೆಗೆ ಒಂದು ಮರಿ ತಿನ್ನುವ ಕ್ರೀಪ್ ಆಹಾರ ಹತ್ತು ಕಿಲೋ ಆಸುಪಾಸು. ಇಪ್ಪತ್ತು ಕಿಲೋದ ಹಂದಿಯನ್ನು ತೊಂಬತ್ತಕ್ಕೆ ಏರಿಸಲು ಬೇಕಾಗುವುದು ಎರಡೂವರೆ ಕ್ವಿಂಟಾಲಿನಷ್ಟು ದಾಣಿ. ಹತ್ತು ಕಿಲೋ ಎಷ್ಟೇ ದುಬಾರಿಯದಾದರೂ ಎರಡೂವರೆ ಕ್ವಿಂಟಾಲಿನ ಮುಂದೆ ಅದು ಎಷ್ಟರ ಮಾತು? ಅದಕ್ಕಿಂತ ಮುಖ್ಯವಾಗಿ, ಎಳೆಯ ಮರಿ ಒಂದು ಕಿಲೋ ಮೈ ಹೆಚ್ಚಿಸಿಕೊಳ್ಳಲು ತಿನ್ನುವುದು ಎರಡು ಕಿಲೋಗಿಂತ ಕಡಿಮೆ. ಬಲಿತು ಕೊಬ್ಬುತ್ತಿರುವ ಹಂದಿ ಅದೇ ಒಂದು ಕಿಲೋಗೆ ಮೂರೂವರೆಯೋ ನಾಲ್ಕೋ ಕಿಲೋ ತಿನ್ನುತ್ತದೆ. ಪ್ರತಿಫಲ ಅತ್ಯಧಿಕವಾಗಿರುವ ವಯಸ್ಸಿನಲ್ಲಿ ಕೈ ಬಿಗಿಹಿಡಿದು, ಅತ್ಯಲ್ಪವಾಗಿರುವ ವಯಸ್ಸಿನಲ್ಲಿ ಕೈ ಬಿಚ್ಚುವುದನ್ನು ಮಿತವ್ಯಯವೆಂದು ಯಾವ ಅರ್ಥಶಾಸ್ತ್ರ ಒಪ್ಪೀತು? ಭತ್ತದ ಒಟ್ಲನ್ನು ಬೂದಿಗೊಬ್ಬರವಿಲ್ಲದೆ ಒಣಗಲು ಬಿಟ್ಟು, ತೆನೆ ಹೊಡೆಯುವ ಕಾಲಕ್ಕೆ ಗದ್ದೆಗೆ ಚೀಲಗಟ್ಟಲೆ ಗೊಬ್ಬರ ಎರಚುವವನನ್ನು ಮಂಡ್ಯದ ಯಾವ ರೈತನೂ ರೈತನೆಂದು ಕರೆಯಲಾರ. ಹಂದಿಯ ದೊಡ್ಡಿಯಲ್ಲಿ ಮಾತ್ರ ಅದೇ ನಡತೆಗೆ ಅನುಭವವೆಂಬ ಹೆಸರು.

ಮುಸುರೆಯವರನ್ನು ಖಂಡಿಸುವ ಉತ್ಸಾಹದಲ್ಲಿ ಅವರ ಎದುರುಪಕ್ಷದವರನ್ನು ಹೊಗಳುವ ಇರಾದೆ ನನಗಿಲ್ಲ. ಎಳೆತನದ ಮಹತ್ತ್ವವನ್ನು ಅರಿತವರೆಂದು ಹೇಳಿಕೊಳ್ಳುವ ಒಂದು ಆಧುನಿಕ ಪಂಗಡವುಂಟು. ಅವರ ಪಾಲಿಗೆ ಎಳೆಮರಿಯ ಪೋಷಣೆಯೆಂದರೆ ಬಾಟಲಿ, ಪೊಟ್ಟಣ, ಸಿರಿಂಜು. ತಾಯಿಯನ್ನು ಬೇಗ ಮತ್ತೆ ಬಸಿರಾಗಿಸುವ ಆತುರದಿಂದ ಮೂರೇ ವಾರಕ್ಕೆ ಹಾಲು ಬಿಡಿಸುವುದು, ಅದರಿಂದ ಬರುವ ಭೇದಿಯನ್ನು ಜೀವಿರೋಧಕಗಳಿಂದ ಅದುಮಿಡುವುದು, ಇದು ಅವರ ವಿಜ್ಞಾನ. ಯುರೋಪು ಈ ಹಾದಿಯಲ್ಲಿ ಬಹುದೂರ ನಡೆದು ಹಿಂದಿರುಗುತ್ತಿದೆ. ಬೆಳವಣಿಗೆಗೆಂದು ಆಹಾರದಲ್ಲಿ ಬೆರೆಸುತ್ತಿದ್ದ ಜೀವಿರೋಧಕಗಳನ್ನು ಸ್ವೀಡನ್ 1986ರಲ್ಲಿಯೇ ನಿಷೇಧಿಸಿತು. ಮೊದಮೊದಲು ಮರಿಗಳಲ್ಲಿ ಭೇದಿ ಹೆಚ್ಚಿತು, ಆಗ ಅಲ್ಲಿನ ರೈತರು ಹಾಲು ಬಿಡಿಸುವ ವಯಸ್ಸನ್ನೂ ಆಹಾರವನ್ನೂ ಮಲಗುವ ನೆಲವನ್ನೂ ತಿದ್ದಿಕೊಂಡರು. ಇಡೀ ಯುರೋಪಿಯನ್ ಒಕ್ಕೂಟದಲ್ಲಿ ಆ ನಿಷೇಧ 2006ರಲ್ಲಿ ಬಂತು. ಜೀವಿರೋಧಕ ಹೋದ ಮೇಲೆ ಭೇದಿಯನ್ನು ತಡೆಯಲು ಅಪಾರ ಪ್ರಮಾಣದಲ್ಲಿ ತಿನ್ನಿಸುತ್ತಿದ್ದ ಜಿಂಕ್ ಆಕ್ಸೈಡಿಗೂ 2022ರ ಜೂನಿನಲ್ಲಿ ಅಲ್ಲಿ ತೆರೆಬಿತ್ತು, ಸಗಣಿಯ ಮೂಲಕ ಹೊಲಗಳಿಗೆ ಸೇರಿ ಅಲ್ಲಿಯೇ ಕೂಡುತ್ತಿದ್ದ ಲೋಹವೆಂಬ ಕಾರಣಕ್ಕೆ. ನಮ್ಮ ಕೇಂದ್ರ ಸರ್ಕಾರವು 2019ರಲ್ಲಿ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಲಿಸ್ಟಿನ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರಿಗೆ ಬೇರೆ ಔಷಧಗಳೆಲ್ಲ ವಿಫಲವಾದಾಗ ವೈದ್ಯರು ಕೈಗೆತ್ತಿಕೊಳ್ಳುವ ಮದ್ದು ಅದು. ಆಹಾರದಿಂದ ಆಗಬೇಕಾದ ಕೆಲಸವನ್ನು ತಾಯಿಯ ತಲೆಗೆ ಕಟ್ಟುವವನೂ ಔಷಧದ ತಲೆಗೆ ಕಟ್ಟುವವನೂ ಒಂದೇ ಮನೆಯ ದಾಯಾದಿಗಳು. ಒಬ್ಬನು ಸೋಮಾರಿ, ಇನ್ನೊಬ್ಬನು ಆತುರಗಾರ.

ಮುಸುರೆಯಿಂದ ಮರಿಗಳಿಗೆ ನೇರವಾಗಿ ಒದಗುವ ಕೇಡನ್ನು ನಾನು ಇದುವರೆಗೆ ಹೇಳಲಿಲ್ಲ. ಸಾರು ಉಪ್ಪಿನಕಾಯಿಗಳ ಉಪ್ಪು, ಮಗ್ಗುಲಲ್ಲಿ ನೀರಿಲ್ಲದ ಮರಿಯ ಮೆದುಳಿಗೇರಿ, ಅದು ಕುರುಡಾದಂತೆ ಗೋಡೆಗೆ ಹಾಯುತ್ತ ಸುತ್ತುತ್ತ ಸಾಯುವುದುಂಟು. ಬೇಯಿಸದ ಮುಸುರೆಯಲ್ಲಿ ಬಂದ ಮಾಂಸದ ತುಣುಕು ರೋಗದ ಬೀಜವನ್ನು ಹೊತ್ತು ತರಬಹುದು. 2001ರಲ್ಲಿ ಬ್ರಿಟನ್ನಿನಲ್ಲಿ ಹಬ್ಬಿದ ಕಾಲುಬಾಯಿ ಜ್ವರದ ಮೂಲವನ್ನು ಅರಸಿದವರು ಹಂದಿಗಳಿಗೆ ಹಾಕಿದ ಹೋಟೆಲು ಮುಸುರೆಯ ಬಳಿಗೆ ಬಂದು ನಿಂತರು. ಅರುವತ್ತು ಲಕ್ಷಕ್ಕಿಂತ ಹೆಚ್ಚು ಪಶುಗಳನ್ನು ಕೊಲ್ಲಬೇಕಾಯಿತು; ಆ ದೇಶವು ಮುಸುರೆಯನ್ನೇ ನಿಷೇಧಿಸಿತು. 2020ರಲ್ಲಿ ಅಸ್ಸಾಮ್, ಅರುಣಾಚಲಗಳಿಂದ ಭಾರತದೊಳಗೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರಕ್ಕೂ ಇಂಥ ಮುಸುರೆ ಒಂದು ಹೆದ್ದಾರಿ. ಮುಸುರೆಯನ್ನು ಬಿಟ್ಟರೆ ಗತಿಯಿಲ್ಲದವನು ಕೊತಕೊತ ಕುದಿಸಿ ಬೆಳೆದ ಹಂದಿಗೆ ಹಾಕಲಿ. ಮರಿಯ ತಟ್ಟೆಯ ಹತ್ತಿರ ಆ ಡ್ರಮ್ಮು ಸುಳಿಯಬಾರದು.

ಇಷ್ಟು ಸ್ಪಷ್ಟವಾದ ವಿಷಯ ಜನರಿಗೆ ಮನದಟ್ಟಾಗದಿರಲು ಬೇರೊಂದು ಕಾರಣವಿದೆಯೆಂದು ನನ್ನ ಗುಮಾನಿ. ವರಾಹವನ್ನು ರಾಜಲಾಂಛನದಲ್ಲಿಯೂ ನಾಣ್ಯದಲ್ಲಿಯೂ ಕೆತ್ತಿಸಿಕೊಂಡು ಮೆರೆದ ನಾಡು ನಮ್ಮದು. ಆದರೆ ಜೀವಂತವಾದ ಹಂದಿಯನ್ನೂ ಅದನ್ನು ಸಾಕಿದ ಹಂದಿಜೋಗಿಯಂಥ ಸಮುದಾಯಗಳನ್ನೂ ನಾವು ಊರ ಹೊರಗೇ ಇಟ್ಟೆವು. ಪ್ರಾಣಿ ಕೊಳಕೆಂದು ಒಮ್ಮೆ ತೀರ್ಮಾನಿಸಿದ ಮೇಲೆ ಅದರ ಊಟವೂ ಕೊಳಕಾಗಿರುವುದು ನ್ಯಾಯವೆಂದು ತೋರುತ್ತದೆ. ಹಸುವಿನ ಕರುವಿಗೆ ಗಿಣ್ಣು ಕುಡಿಸಬೇಕೆಂದು ಹಳ್ಳಿಯ ಪ್ರತಿ ಅಜ್ಜಿಗೂ ಗೊತ್ತು. ಹಂದಿಯ ಮರಿಗೆ ಅದು ಬೇಕೆಂದರೆ ನಗುತ್ತಾರೆ. ಸರ್ಕಾರವೂ ಈ ಮನೋವೃತ್ತಿಯಿಂದ ಪೂರ್ತಿ ಹೊರತಾಗಿಲ್ಲ. ರಾಷ್ಟ್ರೀಯ ಜಾನುವಾರು ಮಿಷನ್ನಿನಲ್ಲಿ ನೂರು ಹೆಣ್ಣು ಹತ್ತು ಗಂಡುಗಳ ಹಂದಿ ಘಟಕಕ್ಕೆ ಬಂಡವಾಳದ ಅರ್ಧದಷ್ಟನ್ನು, 30 ಲಕ್ಷ ರೂಪಾಯಿಯ ಮಿತಿಯೊಳಗೆ, ಸಹಾಯಧನವಾಗಿ ಕೊಡುತ್ತಾರೆ. ಶ್ಲಾಘ್ಯವಾದ ಯೋಜನೆ, ಷೆಡ್ಡುಗಳು ಎದ್ದು ನಿಲ್ಲುತ್ತವೆ. ಷೆಡ್ಡಿನ ಮೂಲೆಯಲ್ಲಿ ಅಡ್ಡಪಟ್ಟಿ, ಬಲ್ಬು, ತಟ್ಟೆ ಇವೆಯೇ ಎಂದು ಹೊಕ್ಕು ನೋಡುವ ಕಣ್ಣುಗಳು ಮಾತ್ರ ಕಡಿಮೆ.

ನನ್ನ ವಾದವನ್ನು ಒಪ್ಪದವರೊಡನೆ ಜಗಳವಾಡುವ ಬದಲು ಒಂದು ಬೇಡಿಕೆಯನ್ನು ಮುಂದಿಡುತ್ತೇನೆ. ಹಂದಿ ಸಾಕುವ ಯಾರನ್ನೇ ಕೇಳಿ, ಮಾರುವ ದಿನ ತನ್ನ ಹಂದಿ ಎಷ್ಟು ತೂಗಿತೆಂದು ಕಿಲೋದ ಮೇಲಿನ ಗ್ರಾಮನ್ನೂ ಬಿಡದೆ ಹೇಳುತ್ತಾನೆ. ಹಾಲು ಬಿಟ್ಟ ದಿನ ಎಷ್ಟು ತೂಗುತ್ತಿತ್ತು ಎಂದರೆ ಮುಖ ನೋಡುತ್ತಾನೆ. ಮರಿ ತೂಗಲು ಒಂದು ಗೋಣಿಚೀಲವೂ ಕೊಕ್ಕೆಗೆ ತಗುಲಿಸುವ ಒಂದು ಸ್ಪ್ರಿಂಗ್ ತಕ್ಕಡಿಯೂ ಸಾಕು. ಒಂದೇ ವಾರದಲ್ಲಿ ಈದ ಎರಡು ತಾಯಿಗಳನ್ನು ಆರಿಸಿಕೊಳ್ಳಲಿ. ಒಂದರ ಮರಿಗಳನ್ನು ಅಜ್ಜನ ಕಾಲದಿಂದ ಬಂದ ಪದ್ಧತಿಯಂತೆ ಬಿಡಲಿ. ಇನ್ನೊಂದರ ಮರಿಗಳಿಗೆ ಮೊದಲ ದಿನ ಗಿಣ್ಣನ್ನು ಸರದಿಯ ಮೇಲೆ ಕುಡಿಸಿ, ಮೂರನೆಯ ದಿನ ಕಬ್ಬಿಣ ಚುಚ್ಚಿಸಿ, ಎರಡನೆಯ ವಾರದಿಂದ ಹಿಡಿಹಿಡಿಯಾಗಿ ಹಿಟ್ಟನ್ನೂ ಬಟ್ಟಲು ನೀರನ್ನೂ ಇಡಲಿ. ಹಾಲು ಬಿಡಿಸಿದ ದಿನ ಎರಡು ತಂಡಗಳನ್ನೂ ತೂಗಿ, ಸತ್ತವುಗಳನ್ನು ಲೆಕ್ಕ ಹಾಕಿ, ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಡಲಿ. ಮಾರುವ ದಿನ ಮತ್ತೆ ತೂಗಿ ಪಕ್ಕದಲ್ಲಿ ಬರೆಯಲಿ. ಆಮೇಲೂ ಹಂದಿಗೆ ಏನು ಹಾಕಿದರೂ ಆದೀತೆಂದು ಅವನಿಗೆ ತೋರಿದರೆ, ಆ ಗೋಡೆಯ ಮುಂದೆ ನಿಂತು ನನಗೆ ಹೇಳಲಿ.